ಚೆಂಡಿನ ಹಿಂದೆಯೇ ಓಡುವ ಕ್ಯಾಮೆರಾ

ನಮ್ಮಲ್ಲಿ ಕ್ರೀಡಾ ಬುಲೆಟಿನ್ ಅಂದರೆ ಮೊದಲ ಸುದ್ದಿ ಕ್ರಿಕೆಟ್, ಎರಡನೆಯದೂ ಕ್ರಿಕೆಟ್, ಮೂರನೆಯದು ಕ್ರಿಕೆಟಿಗನ ಮದುವೆ. ಅಂಥ ಕಡೆ ಕೂತು ರಗ್ಬಿ ಲೀಗ್ ಬಗ್ಗೆ ಮಾತಾಡ್ತೀನಿ ಅಂದಾಗ ಡೆಸ್ಕ್‌ನ ಹುಡುಗ ಒಂದೇ ಪ್ರಶ್ನೆ ಕೇಳಿದ: "ಸಾರ್, ಅದನ್ನ ಯಾರು ನೋಡ್ತಾರೆ?" ನಾನು ನೋಡ್ತೀನಪ್ಪ! ಶುಕ್ರವಾರ ಸಿಡ್ನಿಯಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ಪಂದ್ಯ, ಅಲ್ಲಿನ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಮೂರೂವರೆ. ಸಂಜೆಯ ಚರ್ಚೆಗೆ ಮೇಕಪ್ ಹಾಕಿಸಿಕೊಳ್ಳುವ ಹೊತ್ತಿಗೆ ಎಂಬತ್ತು ನಿಮಿಷದ ಆಟ ಮುಗಿದಿರುತ್ತೆ. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಹಿಡಿದ ಹುಚ್ಚು ಇದು. ಡಿಗ್ರಿ ಮೂಲೆ ಸೇರಿತು, ಹುಚ್ಚು ಉಳಿಯಿತು.

ಆದರೆ ಈಗ ನೋಡುವಾಗ ನನ್ನೊಳಗಿನ ಅಭಿಮಾನಿಯ ಪಕ್ಕದಲ್ಲೇ ಟಿವಿಯವನೂ ಕೂತಿರ್ತಾನೆ. ಯಾವ ಕ್ಯಾಮೆರಾ ಕಟ್ ಆಯ್ತು, ಯಾಕೆ ಆಯ್ತು, ರಿಪ್ಲೇ ಎಲ್ಲಿ ಜಾಸ್ತಿಯಾಯ್ತು ಅಂತ ಲೆಕ್ಕ ಹಾಕ್ತಾ ಇರ್ತಾನೆ. ಟಿವಿ ಅಂದರೆ ಆಟವನ್ನು ತೋರಿಸುವ ಕಿಟಕಿ ಅಂತ ನಾವೆಲ್ಲ ನಂಬಿದ್ದೇವೆ ಅಲ್ವಾ? ರಗ್ಬಿ ಲೀಗ್‌ನ ಕಥೆ ಕೇಳಿದರೆ ಆ ನಂಬಿಕೆ ಅಲ್ಲಾಡುತ್ತೆ. ಇಲ್ಲಿ ಟಿವಿ ನಿಯಮ ಬದಲಿಸಿದೆ, ಆಡುವ ಋತು ಬದಲಿಸಿದೆ, ನೂರು ವರ್ಷದ ಕ್ಲಬ್ಬಿಗೆ ಬೀಗ ಹಾಕಿಸುವ ಮಟ್ಟಕ್ಕೂ ಹೋಗಿದೆ. ಇಷ್ಟೆಲ್ಲ ಮಾಡಿಯೂ ಆಟದ ಅರ್ಧ ಭಾಗವನ್ನು ಸರಿಯಾಗಿ ತೋರಿಸೋದಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸೋಣ. 2025ರ ಜೂನ್‌ನಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅನ್ನೋ ತಂಡವೂ ಇತ್ತು. ಹೆಸರಲ್ಲಿ 'ಲೀಗ್' ಇದ್ದರೂ ಅದು ರಗ್ಬಿ ಲೀಗ್ ಅಲ್ಲ. ಅದು ಏಳು ಜನರ ಆಟ, ರಗ್ಬಿ ಯೂನಿಯನ್ ಮನೆತನದ್ದು. ನಾನು ಹೇಳ್ತಿರೋದು ಅದರ ದಾಯಾದಿಯ ಬಗ್ಗೆ. ಇಬ್ಬರೂ ಒಂದೇ ಮನೆಯಲ್ಲಿ ಹುಟ್ಟಿ, ದುಡ್ಡಿನ ಜಗಳಕ್ಕೆ ಪಾಲಾದವರು.

ಜಗಳ ನಡೆದದ್ದು ಉತ್ತರ ಇಂಗ್ಲೆಂಡ್‌ನ ಯಾರ್ಕ್‌ಷೈರ್, ಲ್ಯಾಂಕಷೈರ್ ಕಡೆ. ಅಲ್ಲಿ ರಗ್ಬಿ ಆಡುತ್ತಿದ್ದವರು ಕಲ್ಲಿದ್ದಲು ಗಣಿಯವರು, ಬಟ್ಟೆ ಗಿರಣಿಯವರು. ಶನಿವಾರ ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಹೋಯ್ತು. ಕಳೆದುಕೊಂಡ ಕೂಲಿಯನ್ನಾದರೂ ಕಟ್ಟಿಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ಲಂಡನ್ ಕಡೆಯ ದೊಡ್ಡ ಮನುಷ್ಯರು, ಆಟಕ್ಕೆ ದುಡ್ಡು ತಗೊಂಡರೆ ಆಟದ ಮರ್ಯಾದೆ ಹೋಗುತ್ತೆ ಅಂದರು. ಹೊಟ್ಟೆ ತುಂಬಿದವರಿಗೆ ಮರ್ಯಾದೆಯ ಮಾತು ಸುಲಭ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆಯಾದವು. ಅದೇ ಮುಂದೆ ರಗ್ಬಿ ಲೀಗ್ ಆಯ್ತು. ತಮಾಷೆ ಏನು ಗೊತ್ತಾ? ಮರ್ಯಾದೆಯ ಮಾತಾಡಿದ ರಗ್ಬಿ ಯೂನಿಯನ್ ಸರಿಯಾಗಿ ನೂರು ವರ್ಷ ಆದ ಮೇಲೆ, 1995ರ ಆಗಸ್ಟ್‌ನಲ್ಲಿ, ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡೋಕೆ ಒಪ್ಪಿಕೊಂಡಿತು.

ಕೂಲಿಯವರ ಆಟ ಆದ್ದರಿಂದ ಇದಕ್ಕೆ ಟಿಕೆಟ್ ದುಡ್ಡು ಬೇಕಿತ್ತು, ಟಿಕೆಟ್ ಮಾರಬೇಕಾದರೆ ಆಟ ಚುರುಕಾಗಿರಬೇಕಿತ್ತು. ಅದಕ್ಕೇ ಮೊದಲಿನಿಂದಲೂ ಲೀಗ್‌ನವರು ನಿಯಮಗಳನ್ನು ಕತ್ತರಿಸುತ್ತಲೇ ಬಂದರು. 1906ರಲ್ಲಿ ತಂಡವನ್ನು 15ರಿಂದ 13ಕ್ಕೆ ಇಳಿಸಿದರು. ಇವತ್ತಿನ ಆಟವನ್ನು ಕಬಡ್ಡಿ ಗೊತ್ತಿರುವವರಿಗೆ ಎರಡು ನಿಮಿಷದಲ್ಲಿ ಹೇಳಬಹುದು. ಚೆಂಡು ಹಿಡಿದವನು ಎದುರಾಳಿಯ ಗೋಡೆಗೆ ನುಗ್ಗುತ್ತಾನೆ, ಅವರು ಹಿಡಿದು ಕೆಡವುತ್ತಾರೆ. ಇದು ಒಂದು ಟ್ಯಾಕಲ್. ಬಿದ್ದವನು ಎದ್ದು ನಿಂತು ಕಾಲಿನಿಂದ ಚೆಂಡನ್ನು ಹಿಂದಕ್ಕೆ ತಳ್ಳಿದರೆ ಆಟ ಮುಂದುವರಿಯಿತು. ಅಷ್ಟರಲ್ಲಿ ರಕ್ಷಣೆಯವರು ಹತ್ತು ಮೀಟರ್ ಹಿಂದೆ ಸರಿದು ಸಾಲು ಕಟ್ಟಿರಬೇಕು. ಹೀಗೆ ಒಂದು ತಂಡಕ್ಕೆ ಆರು ಟ್ಯಾಕಲ್. ಆರನೆಯದರಲ್ಲೂ ಚೆಂಡು ಕೈಯಲ್ಲೇ ಉಳಿದು ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಐದು ಆದ ಮೇಲೆ ಸಾಮಾನ್ಯವಾಗಿ ಒದ್ದುಬಿಡ್ತಾರೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ನಾಲ್ಕು ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಕೈಯಿಂದ ಚೆಂಡು ಕೊಡೋದಾದರೆ ಹಿಂದಕ್ಕೇ ಕೊಡಬೇಕು. ಇಷ್ಟೇ.

ಈ 'ಆರು' ಅನ್ನೋ ಸಂಖ್ಯೆ ಇದೆಯಲ್ಲ, ಅಲ್ಲೇ ಟಿವಿ ಒಳಗೆ ಬಂದದ್ದು. ಮೊದಲು ಇಂಥ ಮಿತಿಯೇ ಇರಲಿಲ್ಲ. ಚೆಂಡು ಸಿಕ್ಕ ತಂಡ ತಪ್ಪು ಮಾಡುವ ತನಕ ಇಟ್ಟುಕೊಳ್ಳಬಹುದಿತ್ತು. ಮುಂದಿದ್ದರೆ ಸಾಕು, ನುಗ್ಗು, ಬೀಳು, ಏಳು, ಮತ್ತೆ ನುಗ್ಗು ಅಂತ ಹೊತ್ತು ಕಳೆಯಬಹುದಿತ್ತು. ಪ್ರೊ ಕಬಡ್ಡಿಯಲ್ಲಿ ಡೂ ಆರ್ ಡೈ ರೇಡ್ ಇಲ್ಲ ಅಂತ ಇಟ್ಟುಕೊಳ್ಳಿ, ಮುಂದಿರುವ ತಂಡ ಖಾಲಿ ರೇಡ್ ಮಾಡುತ್ತಾ ಕೂತರೆ ನೀವು ನೋಡ್ತೀರಾ? ಚಾನೆಲ್ ಬದಲಿಸ್ತೀರಿ. 1965ರಲ್ಲಿ ಬಿಬಿಸಿ-2 ಚಾನೆಲ್ಲಿನ ಮುಖ್ಯಸ್ಥನಿಗೂ ಅದೇ ಚಿಂತೆ. ಚಾನೆಲ್ ಹೊಸದು, ವೀಕ್ಷಕರು ಬೇಕು. ಮಂಗಳವಾರ ರಾತ್ರಿ ದೀಪದ ಬೆಳಕಿನಲ್ಲಿ ಆಡಿಸುವ ಬಿಬಿಸಿ-2 ಫ್ಲಡ್‌ಲಿಟ್ ಟ್ರೋಫಿ ಅನ್ನೋ ಟೂರ್ನಿ ಆ ವರ್ಷ ಶುರುವಾಯ್ತು. ಅದರಲ್ಲಿ ಆಡೋದಕ್ಕೆಂದೇ ಕ್ಲಬ್ಬುಗಳು ಮೈದಾನಕ್ಕೆ ದೀಪದ ಕಂಬ ನೆಟ್ಟವು. ಮರುವರ್ಷ, 1966ರಲ್ಲಿ, ಅದೇ ಟೂರ್ನಿಯಲ್ಲಿ ನಾಲ್ಕು ಟ್ಯಾಕಲ್‌ನ ಮಿತಿಯನ್ನು ಪ್ರಯೋಗ ಮಾಡಿ ನೋಡಿದರು. ಅಂದಹಾಗೆ, ಆ ಮುಖ್ಯಸ್ಥನ ಹೆಸರು ನಿಮಗೆಲ್ಲ ಗೊತ್ತು: ಡೇವಿಡ್ ಅಟೆನ್‌ಬರೋ. ಹೌದು, ಗೊರಿಲ್ಲಾ, ಪೆಂಗ್ವಿನ್ ತೋರಿಸುವ ಅದೇ ಅಜ್ಜ!

ಮುಂದಿನ ವರ್ಷ ಆಸ್ಟ್ರೇಲಿಯಾ ಕೂಡ ಮಿತಿ ತಂದಿತು. 1956ರಿಂದ 1966ರವರೆಗೆ ಸತತ ಹನ್ನೊಂದು ಸಲ ಪ್ರಶಸ್ತಿ ಗೆದ್ದಿದ್ದ ಸೇಂಟ್ ಜಾರ್ಜ್ ತಂಡದ ಓಟ 1967ರಲ್ಲೇ ನಿಂತಿತು. ಆ ತಂಡದ ಹಳೇ ಅಭಿಮಾನಿಗಳ ಹತ್ತಿರ ಈ ವಿಷಯ ಎತ್ತಬೇಡಿ. ನಾಲ್ಕು ಕಡಿಮೆಯಾಯ್ತು ಅಂತ 1970ರ ದಶಕದ ಆರಂಭದಲ್ಲಿ ಆರಕ್ಕೆ ಏರಿಸಿದರು. ನನ್ನ ಮಟ್ಟಿಗೆ ಟಿವಿಯಿಂದಾಗಿ ಈ ಆಟಕ್ಕೆ ಬಂದ ಅತ್ಯುತ್ತಮ ನಿಯಮ ಇದೇ. ಟಿವಿ ಕೈಯಿಟ್ಟದ್ದೆಲ್ಲ ಕೆಟ್ಟಿತು ಅಂತ ಹೇಳುವ ಗುಂಪಿನವನು ನಾನಲ್ಲ.

ಅದೇ ಕಾಲದ ಬಿಬಿಸಿಯಲ್ಲಿ ಎಡ್ಡಿ ವೇರಿಂಗ್ ಅಂತ ಒಬ್ಬ ವೀಕ್ಷಕ ವಿವರಣೆಗಾರ ಇದ್ದರು. ದಪ್ಪ ಯಾರ್ಕ್‌ಷೈರ್ ಉಚ್ಚಾರಣೆ, ಹಾಸ್ಯದ ಮಾತು. ಆಟಗಾರನನ್ನು ಹೊರಗೆ ಹಾಕಿದರೆ 'ಬೇಗ ಸ್ನಾನಕ್ಕೆ ಹೊರಟ' ಅನ್ನೋ ಅರ್ಥದ ಮಾತು ಅವರಿಂದಲೇ ಮನೆಮಾತಾಯ್ತು. ದೇಶಕ್ಕೆಲ್ಲ ಅವರು ಇಷ್ಟ. ಆದರೆ ಉತ್ತರದ ಎಷ್ಟೋ ಅಭಿಮಾನಿಗಳಿಗೆ ಅವರನ್ನು ಕಂಡರೆ ಸಿಟ್ಟು. ನಮ್ಮ ಆಟವನ್ನು, ನಮ್ಮ ಮಾತನ್ನು ಲಂಡನ್ನಿನವರ ನಗುವಿಗೆ ಸರಕು ಮಾಡ್ತಿದ್ದಾನೆ ಅನ್ನೋ ಸಿಟ್ಟು. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಭಾಷೆ ಆಡುವವನು, ಮಂಗಳೂರು ಕನ್ನಡ ಆಡುವವನು ಕಾಮಿಡಿ ಪಾತ್ರಕ್ಕೇ ಮೀಸಲು ಅನ್ನೋ ಕಾಲ ಇತ್ತಲ್ಲ, ಹುಬ್ಬಳ್ಳಿಯವರಿಗೆ ಅದು ಎಷ್ಟು ಚುಚ್ಚುತ್ತಿತ್ತು ಅಂತ ಕೇಳಿ ನೋಡಿ, ಈ ಸಿಟ್ಟು ಅರ್ಥವಾಗುತ್ತೆ.

ಆದರೆ ಅದೇ ವೇರಿಂಗ್ 1968ರ ಮೇ 11ರಂದು ವೆಂಬ್ಲಿಯಲ್ಲಿ ಇದ್ದರು. ಚಾಲೆಂಜ್ ಕಪ್ ಫೈನಲ್, ಲೀಡ್ಸ್ ವಿರುದ್ಧ ವೇಕ್‌ಫೀಲ್ಡ್ ಟ್ರಿನಿಟಿ. ಗುಡುಗು ಮಳೆ ಬಂದು ಮೈದಾನ ಕೆರೆಯಾಗಿತ್ತು. ಕೊನೆಯ ಗಳಿಗೆಯಲ್ಲಿ ವೇಕ್‌ಫೀಲ್ಡ್ ಟ್ರೈ ಹೊಡೆದು 11-10ಕ್ಕೆ ಬಂತು. ಕಂಬದ ಎದುರಿಗೇ ಚೆಂಡು. ಒದ್ದರೆ ಎರಡು ಅಂಕ, ಕಪ್ಪು ಕೈಗೆ. ಒದೆಯಬೇಕಾದವನು ಡಾನ್ ಫಾಕ್ಸ್. ಆ ಪಂದ್ಯದ ಶ್ರೇಷ್ಠ ಆಟಗಾರ ಅಂತ ಅವನ ಹೆಸರೇ ಆಯ್ಕೆಯಾಗಿತ್ತು. ಯಾರು ಬೇಕಾದರೂ ಒದೆಯಬಹುದಾದ ಒದೆತ ಅದು. ಅವನು ಒದ್ದದ್ದು ಪಕ್ಕಕ್ಕೆ ಹೋಯ್ತು, ಅವನು ನೆಲಕ್ಕೆ ಕುಸಿದ. ಆಗ ವೇರಿಂಗ್ ಜೋಕ್ ಹೊಡೆಯಲಿಲ್ಲ, ಕಿರುಚಲೂ ಇಲ್ಲ. 'ಪಾಪ ಹುಡುಗ' ಅಂದರು, ಅಷ್ಟೇ. ದಿನಾ ಮೈಕ್ ಮುಂದೆ ಕೂರುವವನಾಗಿ ಹೇಳ್ತೀನಿ, ಅಂಥ ಗಳಿಗೆಯಲ್ಲಿ ಎರಡೇ ಪದಕ್ಕೆ ನಿಲ್ಲಿಸೋದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಇವತ್ತಿನ ಪ್ರಸಾರದಲ್ಲಿ ಆ ಜಾಗದಲ್ಲಿ ಮೂರು ಜನ ಒಟ್ಟಿಗೆ ಕೂಗ್ತಾರೆ, ಕೆಳಗೆ ಗ್ರಾಫಿಕ್ಸ್ ಓಡುತ್ತೆ, ಬಿದ್ದವನ ಕಣ್ಣೀರಿನ ಕ್ಲೋಸಪ್ ನಾಲ್ಕು ಸಲ ಬರುತ್ತೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಕೆರ್ರಿ ಪ್ಯಾಕರ್ ಹೆಸರು ಕೇಳಿರ್ತೀರಿ. 1977ರಲ್ಲಿ ಟಿವಿ ಹಕ್ಕು ಸಿಗಲಿಲ್ಲ ಅಂತ ಸ್ವಂತ ಕ್ರಿಕೆಟ್ ಸರಣಿಯನ್ನೇ ನಡೆಸಿದವರು. 1995ರಲ್ಲಿ ಕಥೆ ತಿರುವುಮುರುವಾಯ್ತು. ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್‌ನ ಟಿವಿ ಹಕ್ಕು ಪ್ಯಾಕರ್ ಕೈಯಲ್ಲಿತ್ತು. ಹೊಸ ಪೇ ಚಾನೆಲ್ ಶುರು ಮಾಡಿದ್ದ ರೂಪರ್ಟ್ ಮರ್ಡೋಕ್ ಅವರಿಗೆ ಅದು ಬೇಕಿತ್ತು. ಹಕ್ಕು ಸಿಗದಿದ್ದರೆ ಆಟವನ್ನೇ ಕೊಂಡುಬಿಡೋಣ ಅಂತ ಹೊರಟರು. 'ಸೂಪರ್ ಲೀಗ್' ಅನ್ನೋ ಹೆಸರಲ್ಲಿ ಆಟಗಾರರಿಗೆ ಕನಸಲ್ಲೂ ಕಾಣದ ಮೊತ್ತ ತೋರಿಸಿ ಸಹಿ ಹಾಕಿಸಿದರು. ಈ ಕಡೆಯವರು ಸುಮ್ಮನಿರ್ತಾರಾ? ಅವರೂ ಚೀಲ ಬಿಚ್ಚಿದರು. ಕೋರ್ಟು ಕಚೇರಿ ಎಲ್ಲ ಮುಗಿದು 1997ರಲ್ಲಿ ಒಂದೇ ದೇಶದಲ್ಲಿ ಎರಡು ಟೂರ್ನಿ, ಇಬ್ಬರು ಚಾಂಪಿಯನ್ನರು! ಅಭಿಮಾನಿ ಯಾರನ್ನು ನೋಡಬೇಕು? ಆ ವರ್ಷದ ಕೊನೆಗೆ ಎರಡೂ ಕಡೆಯವರು ಸುಸ್ತಾಗಿ ರಾಜಿಯಾದರು, ಇವತ್ತಿನ ಎನ್‌ಆರ್‌ಎಲ್ ಹುಟ್ಟಿತು. ರಾಜಿಯ ಷರತ್ತು ಏನಪ್ಪಾ ಅಂದರೆ, 20 ತಂಡಗಳು 14ಕ್ಕೆ ಇಳಿಯಬೇಕು.

ಇಂಗ್ಲೆಂಡಿನಲ್ಲೂ ಅದೇ ದುಡ್ಡು ಬಂತು. ಐದು ವರ್ಷಕ್ಕೆ 8.7 ಕೋಟಿ ಪೌಂಡ್. ಅದರ ಜೊತೆ ಬಂದದ್ದು ಎರಡು ಮಾತು. ಒಂದು, ನೂರು ವರ್ಷದಿಂದ ಚಳಿಗಾಲದ ಕೆಸರಲ್ಲಿ ಆಡುತ್ತಿದ್ದ ಆಟ 1996ರಿಂದ ಬೇಸಿಗೆಗೆ ಹೋಯ್ತು. ಇನ್ನೊಂದು, ಸಣ್ಣ ಕ್ಲಬ್ಬುಗಳನ್ನು ಸೇರಿಸಿಬಿಡಿ ಅನ್ನೋ ಪ್ರಸ್ತಾಪ. ಕ್ಯಾಸಲ್‌ಫರ್ಡ್, ಫೆದರ್‌ಸ್ಟೋನ್, ವೇಕ್‌ಫೀಲ್ಡ್ ಅನ್ನೋ ಮೂರು ಊರಿನ ತಂಡಗಳನ್ನು ಒಟ್ಟು ಮಾಡಿ 'ಕಾಲ್ಡರ್' ಅಂತ ಹೆಸರಿಡೋದು. ಮೂರು ಊರಿನ ತೇರನ್ನು ಒಂದೇ ಬೀದಿಯಲ್ಲಿ ಎಳೆಯಿರಿ, ಖರ್ಚು ಉಳಿಯುತ್ತೆ ಅಂದ ಹಾಗೆ. ಲೆಕ್ಕದ ಹಾಳೆಯಲ್ಲಿ ಸರಿ ಇದೆ, ಊರಿನವರು ಒಪ್ಪಬೇಕಲ್ಲ? ಅಭಿಮಾನಿಗಳು ಮೈದಾನಕ್ಕಿಳಿದು ಪ್ರತಿಭಟಿಸಿದರು, ಕ್ಲಬ್ಬುಗಳನ್ನು ಸೇರಿಸುವ ಮಾತು ಬಿದ್ದುಹೋಯ್ತು. ಬೇಸಿಗೆಯ ಆಟ ಮಾತ್ರ ಉಳಿಯಿತು. ಒಣ ಮೈದಾನದಲ್ಲಿ ಆಟ ಚೆನ್ನಾಗಿದೆ ಅನ್ನೋದು ನಿಜವೇ.

ಸಿಡ್ನಿಯಲ್ಲಿ ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. 14ಕ್ಕೆ ಇಳಿಸುವ ಲೆಕ್ಕದಲ್ಲಿ ಕೆಲವು ಕ್ಲಬ್ಬುಗಳು ಒಂದರ ಜೊತೆ ಒಂದು ಸೇರಿಕೊಂಡವು. ಸೌತ್ ಸಿಡ್ನಿ ರ‍್ಯಾಬಿಟೋಸ್ ಒಪ್ಪಲಿಲ್ಲ. 1908ರಲ್ಲಿ ಟೂರ್ನಿ ಶುರುವಾದಾಗ ಇದ್ದ ಕ್ಲಬ್, ಮೊದಲ ವರ್ಷದ ಚಾಂಪಿಯನ್, ಎಲ್ಲರಿಗಿಂತ ಹೆಚ್ಚು, ಅಂದರೆ 20 ಸಲ ಪ್ರಶಸ್ತಿ ಗೆದ್ದದ್ದು. ಕೂಲಿಕಾರರ ಬಡಾವಣೆಗಳ ತಂಡ. ಆದರೆ ಆ ಹೊತ್ತಿಗೆ ಕೈಯಲ್ಲಿ ಕಾಸಿಲ್ಲ, ಮೈದಾನದಲ್ಲಿ ಗೆಲುವಿಲ್ಲ. 1999ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು.

ಆಮೇಲೆ ನಡೆದದ್ದು ನನಗೆ ಈ ಆಟದ ಯಾವ ಪಂದ್ಯಕ್ಕಿಂತ ದೊಡ್ಡದು. ತೀರ್ಮಾನಕ್ಕೆ ಕೆಲವು ದಿನ ಮುಂಚೆ ಸುಮಾರು 40 ಸಾವಿರ ಜನ ಕೆಂಪು-ಹಸಿರು ಬಣ್ಣ ಹಾಕಿಕೊಂಡು ಬೀದಿಗೆ ಬಂದಿದ್ದರು. ಒಂದು ವರ್ಷದ ಮೇಲೆ, 2000ದ ನವೆಂಬರ್‌ನಲ್ಲಿ, ತಂಡ ಆಡದೇ ಇರುವ ವರ್ಷದಲ್ಲಿ, 80 ಸಾವಿರದಷ್ಟು ಜನ ಸಿಡ್ನಿಯಲ್ಲಿ ಮೆರವಣಿಗೆ ಮಾಡಿದರು. ನೆನಪಿರಲಿ, ಇವರು ಹೋರಾಡುತ್ತಿದ್ದದ್ದು ಆ ದೇಶದ ಅತಿ ದೊಡ್ಡ ಪತ್ರಿಕಾ ಸಂಸ್ಥೆಯ ವಿರುದ್ಧ. 2001ರ ಜುಲೈನಲ್ಲಿ ಫೆಡರಲ್ ಕೋರ್ಟ್‌ನ ಪೀಠ ಕ್ಲಬ್ ಪರವಾಗಿ ತೀರ್ಪು ಕೊಟ್ಟಿತು, 2002ರಲ್ಲಿ ತಂಡ ಮೈದಾನಕ್ಕೆ ಮರಳಿತು. 2003ರಲ್ಲಿ ಅಲ್ಲಿನ ಹೈಕೋರ್ಟ್, ಅದು ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ, ಆ ತೀರ್ಪನ್ನು ತಲೆಕೆಳಗು ಮಾಡಿತು. ಕಾನೂನಿನಲ್ಲಿ ಸೋತರು, ಆದರೆ ಮತ್ತೆ ಹೊರಗೆ ಹಾಕುವ ಧೈರ್ಯ ಯಾರಿಗಿತ್ತು? ಉಳಿದರು. ನಟ ರಸೆಲ್ ಕ್ರೋ, ನಮ್ಮವರಿಗೆ 'ಗ್ಲಾಡಿಯೇಟರ್' ಅಂದರೆ ತಕ್ಷಣ ಗೊತ್ತಾಗುತ್ತೆ, 2006ರಲ್ಲಿ ಪಾಲುದಾರನಾಗಿ ಬಂದ. 2014ರ ಅಕ್ಟೋಬರ್ 5ರಂದು ರ‍್ಯಾಬಿಟೋಸ್ 30-6 ಅಂತರದಲ್ಲಿ ಕ್ಯಾಂಟರ್ಬರಿಯನ್ನು ಸೋಲಿಸಿ 43 ವರ್ಷದ ಮೇಲೆ ಪ್ರಶಸ್ತಿ ಎತ್ತಿತು.

ಆ ಪಂದ್ಯದಲ್ಲಿ ಸ್ಯಾಮ್ ಬರ್ಜೆಸ್ ಅನ್ನೋ ಆಟಗಾರನಿಗೆ ಶುರುವಿನ ಡಿಕ್ಕಿಯಲ್ಲೇ ಕೆನ್ನೆಯ ಮೂಳೆ ಮುರಿಯಿತು. ಎಂಬತ್ತು ನಿಮಿಷವೂ ಆಡಿದ, ಪಂದ್ಯಶ್ರೇಷ್ಠನೂ ಆದ. ಊದಿದ ಅವನ ಮುಖ ಎಷ್ಟು ಸಲ ತೆರೆ ಮೇಲೆ ಬಂತೋ ಲೆಕ್ಕವಿಲ್ಲ. ವೀರಗಾಥೆ ಅಂತ ನಾನೂ ಎದ್ದು ನಿಂತು ಚಪ್ಪಾಳೆ ಹೊಡೆದವನೇ. ಆದರೆ ಟಿವಿಯ ಈ ಪ್ರೀತಿ ನನಗೆ ಪೂರ್ತಿ ಒಪ್ಪಿಗೆಯಾಗೋದಿಲ್ಲ, ಅದನ್ನು ಸ್ವಲ್ಪ ಮುಂದೆ ಹೇಳ್ತೀನಿ.

ಇನ್ನು ಪ್ರಸಾರದ ಕೆಲಸಕ್ಕೆ ಬರೋಣ. ಮೈದಾನ 100 ಮೀಟರ್ ಉದ್ದ, 68 ಮೀಟರ್ ಅಗಲ. ಮುಖ್ಯ ಕ್ಯಾಮೆರಾ ಮಧ್ಯದ ಗೆರೆಯ ಎತ್ತರದಲ್ಲಿ ಕೂತು ಚೆಂಡನ್ನು ಹಿಂಬಾಲಿಸುತ್ತೆ. ಇಲ್ಲೇ ನನ್ನ ತಕರಾರು. ಈ ಆಟದ ನಿಜವಾದ ಕಥೆ ಚೆಂಡಿನ ಹತ್ತಿರ ನಡೆಯೋದಿಲ್ಲ. ಚೆಂಡು ಬರುವ ಮುಂಚೆ ಒಬ್ಬ ದಾಂಡಿಗ ಸುಳ್ಳು ಓಟ ಓಡ್ತಾನೆ. ರಕ್ಷಣೆಯವನು ಅವನ ಕಡೆ ಅರ್ಧ ಹೆಜ್ಜೆ ವಾಲಿದರೆ ಸಾಕು, ಚೆಂಡು ಅವನ ಬೆನ್ನ ಹಿಂದಿನಿಂದ ಇನ್ನೊಬ್ಬನಿಗೆ ಹೋಗುತ್ತೆ, ಗೋಡೆಯಲ್ಲಿ ಬಿರುಕು. ತೀರಾ ಹಿಂದೆ ಒಬ್ಬನೇ ನಿಂತ ಫುಲ್‌ಬ್ಯಾಕ್, ಸಾಲಿನಲ್ಲಿ ಎಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿ ಕೂಗಿ ಹೇಳ್ತಿರ್ತಾನೆ. ಟಿವಿ ನೋಡುವವನಿಗೆ ಕಾಣೋದು ಟ್ರೈ ಮಾತ್ರ. 'ಅರೆ, ಅಲ್ಲಿ ಯಾರೂ ಇರಲಿಲ್ವಾ?' ಅಂತೀರಿ. ಇದ್ದ, ಅವನನ್ನು ಅಲ್ಲಿಂದ ಎಳೆದ ಕ್ಷಣ ಫ್ರೇಮಿನ ಹೊರಗಿತ್ತು.

ಇನ್ನೂ ಕೋಪ ಬರೋದು ಕ್ಲೋಸಪ್‌ಗೆ. ಒಂದು ಟ್ಯಾಕಲ್ ಮುಗಿದು ಚೆಂಡು ಮತ್ತೆ ಆಟಕ್ಕೆ ಬರೋದು ಮೂರ್ನಾಲ್ಕು ಸೆಕೆಂಡಿನಲ್ಲಿ. ಕ್ರಿಕೆಟ್‌ನಲ್ಲಿ ಎರಡು ಚೆಂಡಿನ ನಡುವೆ ಬೌಲರ್ ಮುಖ, ಪ್ರೇಕ್ಷಕರ ಮಗು, ಜಾಹೀರಾತು ಎಲ್ಲ ತೋರಿಸಬಹುದು, ಸಮಯ ಇದೆ. ಇಲ್ಲಿ ಒಂದು ಬೆವರಿದ ಮುಖ ತೋರಿಸಿ ವಾಪಸ್ ಬರುವಷ್ಟರಲ್ಲಿ ಚೆಂಡು ಇಪ್ಪತ್ತು ಮೀಟರ್ ಮುಂದೆ ಹೋಗಿರುತ್ತೆ. ಸ್ಟೇಡಿಯಂನಲ್ಲಿ ಅಗ್ಗದ ಟಿಕೆಟ್ ತಗೊಂಡು ಮೇಲೆ ಕೂತವನಿಗೆ ಇಡೀ ಗೋಡೆ ಕಾಣುತ್ತೆ. ಕೋಟಿಗಟ್ಟಲೆ ಸುರಿದ ಚಾನೆಲ್‌ನ ವೀಕ್ಷಕನಿಗೆ ಕಾಣೋದಿಲ್ಲ. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಪಿಸಿಆರ್‌ನಲ್ಲಿ ಕೂತ ಡೈರೆಕ್ಟರ್ ವೈಡ್ ಶಾಟ್‌ನಲ್ಲಿ ಇನ್ನೆರಡು ಸೆಕೆಂಡ್ ಕಾದರೆ ಸಾಕು.

ಎಂಜಿನಿಯರಿಂಗ್ ಓದಿದ್ದಕ್ಕೆ ಒಂದೇ ಒಂದು ಉಪಯೋಗ ಆಗುವ ಜಾಗ ಈಗ ಬಂತು. ಚೆಂಡನ್ನು ಹಿಂದಕ್ಕೇ ಕೊಡಬೇಕು ಅಂದೆನಲ್ಲ? ಟಿವಿ ಮುಂದೆ ಕೂತ ಅಭಿಮಾನಿ ಪಂದ್ಯಕ್ಕೆ ಹತ್ತು ಸಲ 'ಫಾರ್ವರ್ಡ್ ಪಾಸ್!' ಅಂತ ಕಿರುಚ್ತಾನೆ. ಬಹಳ ಸಲ ಅವನ ಕಣ್ಣು ಅವನಿಗೆ ಮೋಸ ಮಾಡಿರುತ್ತೆ. ಗಂಟೆಗೆ 80 ಕಿ.ಮೀ. ವೇಗದ ರೈಲಲ್ಲಿ ಕೂತು ಹಿಂದಿನ ಸೀಟಿನ ಸ್ನೇಹಿತನಿಗೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ನೀರಿನ ಬಾಟಲಿ ಎಸೆಯಿರಿ. ನಿಮ್ಮ ಪಾಲಿಗೆ ಬಾಟಲಿ ಹಿಂದಕ್ಕೆ ಹೋಯ್ತು. ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಪಾಲಿಗೆ ಅದೇ ಬಾಟಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೋಗ್ತಿದೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಈಗ ಸೆಕೆಂಡಿಗೆ 8 ಮೀಟರ್ ಓಡುತ್ತಿರುವ ಆಟಗಾರ ಚೆಂಡನ್ನು ತನ್ನಿಂದ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದಕ್ಕೆ ಕೊಟ್ಟ ಅಂದುಕೊಳ್ಳಿ. ನೆಲದ ಲೆಕ್ಕದಲ್ಲಿ ಚೆಂಡು ಸೆಕೆಂಡಿಗೆ 6 ಮೀಟರ್ ಮುಂದೇ ಹೋಗುತ್ತೆ. ಅರ್ಧ ಸೆಕೆಂಡಿನಲ್ಲಿ 3 ಮೀಟರ್. ಪಾಸ್ ಕೊಟ್ಟವನು ಅಷ್ಟರಲ್ಲಿ 4 ಮೀಟರ್ ಓಡಿರ್ತಾನೆ, ಚೆಂಡು ಅವನಿಗಿಂತ ಒಂದು ಮೀಟರ್ ಹಿಂದೆಯೇ ಇದೆ. ಪಾಸ್ ಸರಿಯಾಗಿದೆ. ಪಾಸಿನ ದಿಕ್ಕನ್ನು ಕೊಟ್ಟವನಿಗೆ ಹೋಲಿಸಿ ನೋಡಬೇಕು, ನೆಲಕ್ಕಲ್ಲ ಅಂತ ನಿಯಮದಲ್ಲೇ ಇದೆ.

ಆದರೆ ಟಿವಿಯಲ್ಲಿ ಹತ್ತತ್ತು ಮೀಟರಿಗೆ ಬಿಳಿ ಗೆರೆ ಕಾಣುತ್ತೆ. ಇಪ್ಪತ್ತರ ಗೆರೆಯ ಹತ್ತಿರ ಕೊಟ್ಟ, ಅದಕ್ಕಿಂತ ಮೂರು ಮೀಟರ್ ಮುಂದೆ ಹಿಡಿದ, ಮುಗೀತು, ಕಳ್ಳ ರೆಫ್ರಿ! ಅದರ ಮೇಲೆ, ಪಾಸ್ ಕೊಟ್ಟ ತಕ್ಷಣ ಅವನನ್ನು ಯಾರಾದರೂ ಗುದ್ದಿ ನಿಲ್ಲಿಸಿದರೆ ಕೇಳಲೇಬೇಡಿ. ಅವನು ನಿಂತುಬಿಟ್ಟ, ಚೆಂಡು ಅವನನ್ನು ದಾಟಿ ಹೋಯ್ತು, ಇನ್ನೂ ದೊಡ್ಡ ಮೋಸದ ಹಾಗೆ ಕಾಣುತ್ತೆ. ಓರೆಯಲ್ಲಿರುವ ಕ್ಯಾಮೆರಾದ ಕೋನ ಬೇರೆ. ಇದೇ ಕಾರಣಕ್ಕೆ ಎನ್‌ಆರ್‌ಎಲ್‌ನ ವಿಡಿಯೋ ರೆಫ್ರಿಗೆ ಫಾರ್ವರ್ಡ್ ಪಾಸ್ ಬಗ್ಗೆ ತೀರ್ಪು ಕೊಡುವ ಅಧಿಕಾರ ಕೊಟ್ಟಿರಲಿಲ್ಲ. ವೀಕ್ಷಕರಿಗೆ ಇದನ್ನು ಒಂದು ಗ್ರಾಫಿಕ್‌ನಲ್ಲಿ ತೋರಿಸಬಹುದು. ವಿವರಣೆಗಾರರೇ ಗೆರೆ ತೋರಿಸಿ ಕೂಗಿದರೆ ಇನ್ನೇನು ಹೇಳೋದು?

ವಿಡಿಯೋ ರೆಫ್ರಿ ಅಂದೆ. ಕ್ರಿಕೆಟ್‌ನಲ್ಲಿ ಮೂರನೇ ಅಂಪೈರ್ ತೀರ್ಪಿಗೆ ಮೊದಲು ಔಟಾದದ್ದು ನಮ್ಮ ಸಚಿನ್, 1992ರಲ್ಲಿ ಡರ್ಬನ್‌ನಲ್ಲಿ. ರಗ್ಬಿ ಲೀಗ್‌ಗೆ ಇದು ಬಂದದ್ದು ಸ್ವಲ್ಪ ತಡವಾಗಿ, ಸೂಪರ್ ಲೀಗ್ ಕಾಲದಲ್ಲಿ. 2016ರಿಂದ ಆಸ್ಟ್ರೇಲಿಯಾದಲ್ಲಿ 'ಬಂಕರ್' ಇದೆ. ಎಲ್ಲ ಪಂದ್ಯಗಳ ಕ್ಯಾಮೆರಾ ದೃಶ್ಯ ಸಿಡ್ನಿಯ ಒಂದು ಕೋಣೆಗೆ ಬರುತ್ತೆ, ಅಲ್ಲಿಂದಲೇ ತೀರ್ಪು. ಟ್ರೈ ಆಯ್ತೋ ಇಲ್ಲವೋ ಅಂತ ಮೈದಾನದ ರೆಫ್ರಿ ಮೊದಲು ತನ್ನ ಅಭಿಪ್ರಾಯ ಹೇಳಬೇಕು, ಬಲವಾದ ಸಾಕ್ಷಿ ಇದ್ದರೆ ಮಾತ್ರ ಬಂಕರ್ ಬದಲಿಸುತ್ತೆ. ಕ್ರಿಕೆಟ್‌ನಲ್ಲಿ 2023ರಲ್ಲಿ ಕೈಬಿಟ್ಟ ಸಾಫ್ಟ್ ಸಿಗ್ನಲ್ ಇದ್ದ ಹಾಗೆ. ಹೆಬ್ಬೆರಳಿನ ಉಗುರು ಚೆಂಡಿಗೆ ತಾಗಿತಾ ಅಂತ ಎರಡೆರಡು ನಿಮಿಷ ನೋಡೋದು ಸ್ಟೇಡಿಯಂನಲ್ಲಿ ನಡುಗುತ್ತಾ ನಿಂತವನಿಗೆ ಹಿಂಸೆ. ಆದರೆ ಒಂದು ವಿಷಯಕ್ಕೆ ನಾನು ಈ ಪ್ರಸಾರಕ್ಕೆ ಕೈ ಮುಗೀತೀನಿ. ರೆಫ್ರಿಯ ಮೈಕ್ ತೆರೆದೇ ಇರುತ್ತೆ. 'ಬಿಡು, ಅವನನ್ನ ಬಿಡು, ಹತ್ತು ಮೀಟರ್ ಹಿಂದೆ ಹೋಗು' ಅಂತ ಅವನು ಆಟಗಾರರಿಗೆ ಹೇಳೋದು, ನಾಯಕನ ಜಗಳ, ಬಂಕರ್‌ನವನು ಯಾವ ದೃಶ್ಯ ನೋಡಿ ಏನು ಅಂದುಕೊಂಡ ಅನ್ನೋದು, ಎಲ್ಲ ಮನೆಯಲ್ಲಿ ಕೂತವನಿಗೆ ಕೇಳುತ್ತೆ. ತೀರ್ಪು ತಪ್ಪಾದರೂ ಯಾಕೆ ಹಾಗೆ ಕೊಟ್ಟರು ಅಂತ ಗೊತ್ತಾಗುತ್ತೆ. ಅಧಿಕಾರದಲ್ಲಿ ಇರುವವರು ತೀರ್ಮಾನ ತೆಗೆದುಕೊಳ್ಳುವಾಗ ಮೈಕ್ ಆನ್ ಇರೋದು ನಮ್ಮ ಕಡೆ ಎಷ್ಟು ಕಡೆ ಸಾಧ್ಯ, ನೀವೇ ಯೋಚಿಸಿ.

ಬರ್ಜೆಸ್ ವಿಷಯಕ್ಕೆ ಬರ್ತೀನಿ. ಟಿವಿಗೆ ಡಿಕ್ಕಿ ಇಷ್ಟ. ನಿಧಾನ ಗತಿಯಲ್ಲಿ, ನಾಲ್ಕು ಕೋನದಿಂದ, ಡಬ್ ಅನ್ನೋ ಶಬ್ದದ ಜೊತೆ. ಟೂರ್ನಿಯ ಪ್ರೋಮೋ ಕಟ್ ಮಾಡುವ ಎಡಿಟರ್‌ಗೂ ಅದೇ ಬೇಕು. ಕೈ ಬಳಸದೆ ಬರೀ ಭುಜದಿಂದ ಗುದ್ದುವುದನ್ನು ಎನ್‌ಆರ್‌ಎಲ್ 2013ರಿಂದ ನಿಷೇಧಿಸಿತು. ತಲೆಗೆ ಪದೇಪದೇ ಬಿದ್ದ ಪೆಟ್ಟು ಮಿದುಳಿಗೆ ಏನು ಮಾಡುತ್ತೆ ಅಂತ ಈಗ ಎಲ್ಲರಿಗೂ ಗೊತ್ತು. ಬ್ರಿಟನ್‌ನಲ್ಲಿ ಹಳೆಯ ಆಟಗಾರರ ಗುಂಪು ಈ ವಿಷಯಕ್ಕೆ ಕೋರ್ಟಿಗೂ ಹೋಗಿದೆ. ಇಲ್ಲೂ ಕ್ಯಾಮೆರಾ ಎರಡು ಕೆಲಸ ಮಾಡ್ತಿದೆ. 2022ರಿಂದ ಬಂಕರ್‌ನಲ್ಲಿ ಒಬ್ಬ ಸ್ವತಂತ್ರ ವೈದ್ಯರು ಕೂತಿರ್ತಾರೆ. ಯಾವ ತಂಡದವರೂ ಅಲ್ಲ. ಟಿವಿ ದೃಶ್ಯದಲ್ಲಿ ಒಬ್ಬನ ಕಾಲು ತಡವರಿಸಿದ್ದು ಕಂಡರೆ ಅವನನ್ನು ಹೊರಗೆ ಕರೆಸ್ತಾರೆ. 'ನಾನು ಚೆನ್ನಾಗಿದ್ದೀನಿ' ಅನ್ನೋ ಆಟಗಾರನ ಮಾತು ನಡೆಯೋದಿಲ್ಲ, ಗೆಲ್ಲಬೇಕು ಅನ್ನೋ ಕೋಚ್ ಮಾತೂ ನಡೆಯೋದಿಲ್ಲ. ಅದೇ ಡಿಕ್ಕಿಯ ಅದೇ ದೃಶ್ಯ, ಒಂದು ಕೋಣೆಯಲ್ಲಿ ವೈದ್ಯರು ನೋಡ್ತಾರೆ, ಇನ್ನೊಂದು ಕೋಣೆಯಲ್ಲಿ ಪ್ರೋಮೋ ಎಡಿಟರ್ ನೋಡ್ತಾನೆ.

ಇಷ್ಟೆಲ್ಲ ಆದ ಮೇಲೂ ಟಿವಿ ದುಡ್ಡಿಲ್ಲದೆ ಈ ಆಟ ಒಂದು ವಾರ ನಡೆಯೋದಿಲ್ಲ. 2012ರಲ್ಲಿ ಎನ್‌ಆರ್‌ಎಲ್ ಐದು ವರ್ಷದ ಹಕ್ಕನ್ನು 100 ಕೋಟಿ ಆಸ್ಟ್ರೇಲಿಯನ್ ಡಾಲರಿಗಿಂತ ಹೆಚ್ಚಿಗೆ ಮಾರಿತು. 2020ರಲ್ಲಿ ಕೊರೊನಾ ಬಂದು ಮಾರ್ಚ್‌ನಲ್ಲಿ ನಿಂತ ಟೂರ್ನಿ ಮೇ 28ಕ್ಕೇ ಮತ್ತೆ ಶುರುವಾಯ್ತು. ಖಾಲಿ ಸ್ಟೇಡಿಯಂ, ಕುರ್ಚಿಗಳ ಮೇಲೆ ಅಭಿಮಾನಿಗಳ ರಟ್ಟಿನ ಚಿತ್ರ, ಟಿವಿಯಲ್ಲಿ ಧ್ವನಿಮುದ್ರಿತ ಗದ್ದಲ. ಆ ವರ್ಷ ಐಪಿಎಲ್‌ನಲ್ಲೂ ಅದೇ ಗದ್ದಲ ಕೇಳಿದ್ದೀರಿ. ಆ ಮೇ ತಿಂಗಳಲ್ಲೇ ಇನ್ನೊಂದು ನಿಯಮ ಬಂತು: ಬಿದ್ದವನು ಬೇಗ ಏಳದ ಹಾಗೆ ಹಿಡಿದಿಟ್ಟುಕೊಂಡರೆ ಆಟ ನಿಲ್ಲಿಸೋದು ಬೇಡ, ಟ್ಯಾಕಲ್ ಲೆಕ್ಕವನ್ನು ಮತ್ತೆ ಸೊನ್ನೆಯಿಂದ ಶುರು ಮಾಡಿ ಅಂತ. ಆಟದ ವೇಗ ಏರಿತು. ಮೊದಲು ಖುಷಿಯಾಯ್ತು, ಆಮೇಲೆ ಒಂದು ತಂಡ ಸುಸ್ತಾಗಿ ಕುಸಿದರೆ ಮತ್ತೆ ಏಳಲಾಗದೆ ಸ್ಕೋರು ಏಕಪಕ್ಷೀಯವಾಗೋದು ನೋಡಿ ಬೇಸರವಾಯ್ತು. ವೇಗ ಬೇರೆ, ರೋಚಕತೆ ಬೇರೆ. ಟಿವಿಯವರಿಗೆ ಇದು ಅರ್ಥವಾಗೋದು ನಿಧಾನ, ನಾನೂ ಅದೇ ಬಳಗದವನಾದ್ದರಿಂದ ಹೇಳ್ತಿದ್ದೀನಿ.

ಆ ದೇಶದಲ್ಲಿ ಒಂದು ಒಳ್ಳೆಯ ಕಾನೂನಿದೆ. ಸ್ಟೇಟ್ ಆಫ್ ಆರಿಜಿನ್ ಅಂದರೆ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಮೂರು ಪಂದ್ಯ. 1980ರಲ್ಲಿ ಶುರುವಾಗಿ ಈಗ ಆ ದೇಶ ಅತಿ ಹೆಚ್ಚು ನೋಡುವ ಕಾರ್ಯಕ್ರಮಗಳಲ್ಲಿ ಒಂದು. ಅದನ್ನೂ ಎನ್‌ಆರ್‌ಎಲ್ ಫೈನಲ್ಲನ್ನೂ ಪೇ ಚಾನೆಲ್‌ಗಳು ಒಬ್ಬರೇ ನುಂಗುವ ಹಾಗಿಲ್ಲ, ಉಚಿತ ಚಾನೆಲ್ಲಿಗೆ ಮೊದಲ ಅವಕಾಶ. ನಮ್ಮಲ್ಲೂ 2007ರ ಕಾಯ್ದೆಯಿಂದ ದೂರದರ್ಶನಕ್ಕೆ ಮುಖ್ಯ ಪಂದ್ಯಗಳ ಪ್ರಸಾರ ಸಿಗುತ್ತಲ್ಲ, ಅದರ ಅಣ್ಣ ಅನ್ನಿ.

ನೋಡಬೇಕು ಅನಿಸಿದವರಿಗೆ ಎರಡು ಮಾತು. ಮೊದಲು ಒಂದು ತಂಡ ಆರಿಸಿಕೊಳ್ಳಿ, ಇಲ್ಲದಿದ್ದರೆ ಮಜಾ ಇಲ್ಲ. ಸಿಡ್ನಿಯ ಪರ್ರಮಟ್ಟ, ಹ್ಯಾರಿಸ್ ಪಾರ್ಕ್ ಕಡೆ ಭಾರತೀಯರು ಬಹಳ. ನಿಮ್ಮ ನೆಂಟರು ಯಾರಾದರೂ ಅಲ್ಲಿದ್ದರೆ ಅವರ ಮನೆ ಹತ್ತಿರದ ತಂಡ ಪರ್ರಮಟ್ಟ ಈಲ್ಸ್. ಆ ತಂಡ ಕೊನೆಯ ಸಲ ಗೆದ್ದದ್ದು 1986ರಲ್ಲಿ. 'ಈ ಸಲ ಕಪ್ ನಮ್ದೇ' ಅಂತ 18 ಸೀಸನ್ ಕಾದ ಆರ್‌ಸಿಬಿ ಅಭಿಮಾನಿಗಳಿಗೆ ಅಲ್ಲಿ ಬಂಧುಗಳು ಸಿಗ್ತಾರೆ, ಅವರು ಇನ್ನೂ ಹೆಚ್ಚು ಕಾದವರು. ಎರಡನೆಯದು, ಫೈನಲ್ ಸಾಮಾನ್ಯವಾಗಿ ಅಕ್ಟೋಬರ್‌ನ ಮೊದಲ ಭಾನುವಾರ, ನಮಗೆ ಮಧ್ಯಾಹ್ನ ಎರಡು ಗಂಟೆಯ ಹೊತ್ತು, ಊಟ ಮುಗಿಸಿ ಕೂರಬಹುದು. ಮೊದಲ ಹತ್ತು ನಿಮಿಷ ಚೆಂಡನ್ನು ನೋಡಬೇಡಿ, ಎದುರಿಗೆ ನಿಂತ ಗೋಡೆಯನ್ನು ನೋಡಿ, ಕ್ಯಾಮೆರಾ ಎಷ್ಟು ತೋರಿಸುತ್ತೋ ಅಷ್ಟು. ಪಾಸ್ ಮುಂದಕ್ಕೆ ಹೋಯ್ತು ಅನಿಸಿದಾಗ ನೆಲದ ಬಿಳಿ ಗೆರೆ ಬಿಟ್ಟು ಕೊಟ್ಟವನ ಕೈ ಯಾವ ಕಡೆ ತಿರುಗಿತ್ತು ಅಂತ ನೋಡಿ. ಆಮೇಲೂ ರೆಫ್ರಿಯನ್ನು ಬೈಯಬೇಕು ಅನಿಸಿದರೆ ಧಾರಾಳವಾಗಿ ಬೈಯಿರಿ, ಅದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.